ಜಡ್ಜ್ ಮುತ್ತಜ್ಜನ ತೀರ್ಪು

ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಇನ್ಸ್‌ಪೆಕ್ಟರ್ ಸಾಹೇಬರನ್ನು ಕಂಡರೆ ಪ್ರಯಾಣಿಕರೆಲ್ಲ ಗಾಬರಿಬಿದ್ದು ಜೇಬು ತಡಕಾಡುತ್ತಾರೆ. ಅಂಥ ಸಾಹೇಬರು ಊಟವಾದ ಮೇಲೆ ಅಂಗಿಯ ತೋಳು ಮಡಚಿ ಸಿಂಕಿನ ಮುಂದೆ ನಿಲ್ಲುತ್ತಾರೆಂದರೆ ನೀವು ನಂಬಲಿಕ್ಕಿಲ್ಲ. ಹೆಂಡತಿ ಔಷಧಿ ಅಂಗಡಿಯಲ್ಲಿ ಹಗಲೆಲ್ಲ ನಿಂತು ಬರುವವಳು. ಅಡುಗೆ ಅವಳದು, ಪಾತ್ರೆ ಇವರದು ಎಂದು ಮದುವೆಯಾದ ಹೊಸದರಲ್ಲೇ ಒಪ್ಪಂದವಾಗಿತ್ತು. (ಹೊಸದರಲ್ಲಿ ಗಂಡಸರು ಯಾವುದಕ್ಕೆ ಒಪ್ಪುವುದಿಲ್ಲ ಹೇಳಿ!)

ಒಂದು ಸಂಜೆ ಬಾಣಲೆ ಉಜ್ಜುತ್ತ ಸಾಹೇಬರಿಗೆ ರೋಸಿಹೋಯಿತು.

“ನಮ್ಮ ವಂಶದಲ್ಲಿ ಯಾವ ಗಂಡಸೂ ಪಾತ್ರೆ ಮುಟ್ಟಿದವನಲ್ಲ ಕಣೇ! ನಮ್ಮ ಮುತ್ತಜ್ಜ ದೊಡ್ಡ ಮನುಷ್ಯ, ಕೋರ್ಟಲ್ಲೆಲ್ಲ ಹೆಸರಿತ್ತಂತೆ.”

“ಬಾಯಿಮಾತು ಬೇಡ, ಟಿಕೆಟ್ ತೋರಿಸಿ ಅಂತ ದಿನಾ ನೀವೇ ಹೇಳ್ತೀರಲ್ಲ? ತೋರಿಸಿ. ದಾಖಲೆ ತಂದ್ರೆ ಇನ್ಮುಂದೆ ಪಾತ್ರೆ ನಂದು.”

ಅಷ್ಟು ಸಾಕಾಯಿತು. ಸಾಹೇಬರು ರಜೆ ಹಾಕಿ ದಾಖಲೆ ಕಚೇರಿ ಹೊಕ್ಕರು. ಮುತ್ತಜ್ಜ ಹುಟ್ಟಿದ್ದು ಸಿಕ್ಕಿತು, ಮದುವೆಯಾದದ್ದು ಸಿಕ್ಕಿತು. ಆಮೇಲೆ ಮಾಡಿದ ಘನಕಾರ್ಯ ಮಾತ್ರ ಸಿಗಲೊಲ್ಲದು. ಧೂಳು ಕುಡಿದು ಕೆಮ್ಮು ಹತ್ತಿತು. ಕೊನೆಗೆ ಹಳೇ ಕೋರ್ಟಿನ ಕಟ್ಟೊಂದರಲ್ಲಿ ಸಿಕ್ಕಿಯೇಬಿಟ್ಟಿತು, ಹತ್ತೊಂಬತ್ತನೇ ಶತಮಾನದ ಒಂದು ಹಾಳೆ! ಅಕ್ಷರಗಳೋ, ಡಾಕ್ಟರು ಅವಸರದಲ್ಲಿ ಗೀಚಿದ ಔಷಧಿ ಚೀಟಿಯ ಹಾಗಿದ್ದವು. ಸಾಹೇಬರಿಗೆ ಬಿಡಿಸಲಾದದ್ದು ಎರಡೇ: ಮೇಲೆ ಮುತ್ತಜ್ಜನ ಹೆಸರು, ಕೆಳಗೆ ಮೊಹರಿನ ಪಕ್ಕ ‘ನ್ಯಾಯಾಧೀಶರು’. ಇನ್ನೇನು ಬೇಕು? ಮುತ್ತಜ್ಜ ಜಡ್ಜ್!

ನಕಲು ತೆಗೆಸಿ, ಗಾಜು ಹಾಕಿಸಿ, ಚಿನ್ನದ ಬಣ್ಣದ ಚೌಕಟ್ಟು ಕಟ್ಟಿಸಿದರು. ಹೆಂಡತಿಗೆ ಮೊದಲೇ ತೋರಿಸಿದರೆ ಏನಾದರೂ ಕೊಂಕು ತೆಗೆದಾಳೆಂದು ಮುಚ್ಚಿಟ್ಟರು. ಭಾನುವಾರ ಭಾವಮೈದುನನನ್ನು ಸಂಸಾರ ಸಮೇತ ಊಟಕ್ಕೆ ಕರೆದರು. ಹೆಂಡತಿಯ ಸೋಲಿಗೆ ಅವಳ ತವರಿನವರೇ ಸಾಕ್ಷಿಯಾಗಬೇಕೆಂಬುದು ಅವರ ಹಟ. ಊಟ ಮುಗಿದದ್ದೇ ಗೋಡೆಯ ಮೇಲಿನ ಚೌಕಟ್ಟಿಗೆ ಹೊದಿಸಿದ್ದ ಹಳೇ ಟವೆಲ್ ಎಳೆದು ಅನಾವರಣ ನೆರವೇರಿಸಿದರು.

“ಏನು ಭಾವ ಇದು?” ಎಂದ ಭಾವಮೈದುನ.

“ತೀರ್ಪು ಕಣಯ್ಯ, ನಮ್ಮ ಮುತ್ತಜ್ಜನ ತೀರ್ಪು! ಲೇ, ನೀನೇ ಓದು. ಡಾಕ್ಟರುಗಳು ಗೀಚಿದ್ದನ್ನೆಲ್ಲ ಓದ್ತೀಯ, ಇದೇನು ಮಹಾ!”

ಅಲ್ಲೇ ಎಡವಿದರು ನೋಡಿ. ಹೆಂಡತಿ ಕನ್ನಡಕ ಏರಿಸಿಕೊಂಡು ಸರಾಗವಾಗಿ ಶುರುಮಾಡಿದಳು.

“‘ನನ್ನ ಹೆಂಡತಿಯು ದಿನಂಪ್ರತಿ ನನ್ನಿಂದ ಪಾತ್ರೆ ತಿಕ್ಕಿಸುತ್ತಾಳೆ, ಘನ ನ್ಯಾಯಾಲಯವು ಕೃಪೆಮಾಡಿ ಇದನ್ನು ತಪ್ಪಿಸಬೇಕೆಂದು ವಾದಿಯ ಮೊರೆ...’ ರೀ, ವಾದಿ ಅಂದ್ರೆ ನಿಮ್ಮ ಮುತ್ತಜ್ಜ.”

ಸಾಹೇಬರ ಮುಖ ಇಂಗು ತಿಂದ ಮಂಗನ ಹಾಗಾಯಿತು.

“ಸಾಕು, ನಿಲ್ಸು!”

“ಇರಿ, ತೀರ್ಪು ಇನ್ನೂ ಇದೆ. ‘ಪಾತ್ರೆಗಳನ್ನು ಖುದ್ದು ಪರಿಶೀಲಿಸಲಾಗಿ ತಳದ ಮಸಿ ಹಾಗೆಯೇ ಇರುತ್ತದೆ. ಆದ್ದರಿಂದ ವಾದಿಯು ಇನ್ನು ಮುಂದೆಯೂ ತಿಕ್ಕತಕ್ಕದ್ದು, ತಳವನ್ನೂ ತಿಕ್ಕತಕ್ಕದ್ದು. ಈ ಕೆಲಸದಲ್ಲಿ ನಮಗೂ ಸ್ವಂತ ಅನುಭವವುಂಟು. ಸಹಿ, ನ್ಯಾಯಾಧೀಶರು.’”

ಭಾವಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ. ಕೋರ್ಟಲ್ಲಿ ಮುತ್ತಜ್ಜನ ಹೆಸರಿದ್ದದ್ದಂತೂ ನಿಜವೇ ಆಗಿತ್ತು. ಸಾಹೇಬರು ಕೆಮ್ಮುತ್ತ ಅಡುಗೆಮನೆಗೆ ನಡೆದರು. ನೆಂಟರ ತಟ್ಟೆಗಳೂ ಸೇರಿ ಸಿಂಕು ತುಂಬಿಹೋಗಿತ್ತು. ಹಿಂದೆಯೇ ಹೆಂಡತಿ ಸುತ್ತಿಗೆ, ಮೊಳೆ ಹಿಡಿದು ಬಂದು ಮುತ್ತಜ್ಜನನ್ನು ಸಿಂಕಿನ ಮೇಲ್ಗಡೆ ಪ್ರತಿಷ್ಠಾಪಿಸಿದಳು. ಆಮೇಲೆ ಸಾಹೇಬರು ತೊಳೆದಿಟ್ಟ ಬಾಣಲೆಯನ್ನು ಬೋರಲು ಮಾಡಿ ಬೆರಳಾಡಿಸಿದಳು.

“ತಳ ಕಪ್ಪಗಿದೆ ರೀ. ನ್ಯಾಯಾಂಗ ನಿಂದನೆ ಆಗುತ್ತೆ, ಇನ್ನೊಂದ್ಸಲ ತಿಕ್ಕಿ.”