ಗಾಲ್ಫ್ ಮೇಡಂ, ಗಲ್ಫಿನ ನಾವು

ಮರಳಿನ ಮೇಲೆ ಹುಲ್ಲು ಬೆಳೆಸಿ, ಆ ಹುಲ್ಲಿನ ಮೇಲೆ ಪುಟ್ಟ ಚೆಂಡು ಹೊಡೆದು, ಅದರ ಹಿಂದೆ ಬಿಸಿಲಲ್ಲಿ ನಡೆಯುವ ಜಾಗದಲ್ಲಿ ಕೆಲಸ ಮಾಡುವವರಿಗೆ ನಗುವುದಕ್ಕೆ ಬರಗಾಲವಿಲ್ಲ. ಎರಡು ಸಾವಿರದ ದಶಕದಲ್ಲಿ ನಾನು ದೋಹಾದ ಒಂದು ಗಾಲ್ಫ್ ಕ್ಲಬ್ಬಿನ ಆಫೀಸಿನಲ್ಲಿದ್ದೆ. ಹೆಂಗಸರ ಪಂದ್ಯಾವಳಿಗೆ ಬಂದ ಫ್ರೆಂಚ್ ಆಟಗಾರ್ತಿಯೊಬ್ಬರನ್ನು ನೋಡಿಕೊಳ್ಳುವ ಕೆಲಸ ನನಗೆ ಬಿತ್ತು.

ಚಿಕ್ಕಪ್ಪನ ಬೆಕ್ಕು

ಮಂಗಳೂರಿನ ಕಾಲೇಜಿನಲ್ಲಿ ನಾನು ಫ್ರೆಂಚ್ ಓದಿದ್ದೆ ಎಂಬುದೇ ಮ್ಯಾನೇಜರ್ ನನ್ನನ್ನು ಆರಿಸಿದ್ದಕ್ಕೆ ಕಾರಣ. ಓದಿದ್ದು ಮಾರ್ಕಿಗಾಗಿ ಎಂದು ಅವರಿಗೇನು ಗೊತ್ತು!

ವಿಮಾನ ನಿಲ್ದಾಣದಲ್ಲಿ ಮೇಡಂ ಹೊರಗೆ ಬಂದರು. ಎತ್ತರದ ಹೆಂಗಸು, ಬಿಸಿಲಿಗೆ ಕಂದಿದ ಮುಖ, ಭುಜಕ್ಕೆ ನೋವಿನ ಪಟ್ಟಿ. "ಬೊಂಜೂರ್" ಎಂದೆ. ಅವರು ಖುಷಿಯಿಂದ ಪಟಪಟನೆ ಶುರು ಮಾಡಿದರು. ನನಗೆ ಒಂದಕ್ಷರ ತಿಳಿಯಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿರುವುದಿಲ್ಲ ಎಂದು, ನೆನಪಿನಲ್ಲಿ ಉಳಿದಿದ್ದ ಒಂದೇ ಒಂದು ಫ್ರೆಂಚ್ ವಾಕ್ಯ ಹೇಳಿಬಿಟ್ಟೆ: "ನನ್ನ ಚಿಕ್ಕಪ್ಪನ ಬೆಕ್ಕು ಮೇಜಿನ ಕೆಳಗಿದೆ."

ಮೇಡಂ ನನ್ನ ಮುಖವನ್ನೇ ನೋಡಿದರು. ಆಮೇಲೆ ಗಂಭೀರವಾಗಿ ಇಂಗ್ಲಿಷಿನಲ್ಲಿ ಕೇಳಿದರು, "ಅದೂ ನಮ್ಮ ಜೊತೆ ಕಾರಿನಲ್ಲಿ ಬರ್ತದಾ?"

ನೀರುದೋಸೆ

ದೊಡ್ಡ ಹೋಟೆಲಿನ ಊಟ ಬೇಜಾರಾಗಿದೆ ಎಂದರು ಮೇಡಂ. ಅಲ್ ಮನ್ಸೂರಾ ಬಡಾವಣೆಯಲ್ಲಿ ನಮ್ಮೂರಿನವರ ಹೋಟೆಲಿಗೆ ಕರೆದೊಯ್ದೆ. ಯಜಮಾನರು ನೀರುದೋಸೆ, ಕೋಳಿ ಸಾರು ಬಡಿಸುತ್ತಾ ವಿಚಾರಣೆಗೆ ನಿಂತರು. ಎರಡೂ ಕಡೆಗೆ ನಾನೇ ದುಭಾಷಿ.

"ಇವರದ್ದು ಎಂತ ಕೆಲಸ ಮಾರಾಯ್ರೆ?"

"ಗಾಲ್ಫ್."

"ಗಲ್ಫೇ, ಅದು ಗೊತ್ತುಂಟು. ಎಷ್ಟು ವರ್ಷ ಆಯ್ತು?"

"ಹದಿನಾಲ್ಕು" ಎಂದರು ಮೇಡಂ.

"ಊರಲ್ಲಿ ಮನೆ ಕಟ್ಟಿಸಿದ್ರಾ?"

"ಇಲ್ಲ."

"ಮದುವೆ?"

"ಆಗಲಿಲ್ಲ. ವರ್ಷವಿಡೀ ತಿರುಗಾಟ."

"ಮೈಕೈ ನೋವು?"

ಮೇಡಂ ಭುಜ ಮುಟ್ಟಿ ತೋರಿಸಿದರು.

ಯಜಮಾನರ ಕಣ್ಣು ಒದ್ದೆಯಾಯಿತು. ಇನ್ನೆರಡು ದೋಸೆ ಹಾಕಿ, "ತಿನ್ನಿ ಮೇಡಂ. ಗಲ್ಫಿಗೆ ಬಂದವರೆಲ್ಲರ ಕತೆ ಇಷ್ಟೇ" ಎಂದರು.

ಖಲಾಸ್

ಕ್ಲಬ್ಬಿನ ಕಾರು ಓಡಿಸುತ್ತಿದ್ದವರು ಉಳ್ಳಾಲದ ಬ್ಯಾರಿಯೊಬ್ಬರು, ನಮಗೆಲ್ಲ ಕಾಕ. ಮೇಡಂಗೆ ಎರಡು ಅರಬಿ ಶಬ್ದ ಕಲಿಸಿದ್ದೂ ಅವರೇ: ಯಲ್ಲಾ ಅಂದರೆ ಹೊರಡು, ಖಲಾಸ್ ಅಂದರೆ ಮುಗಿಯಿತು. ಪಂದ್ಯದ ಹಿಂದಿನ ದಿನ ಮೇಡಂ ಹಿಂದಿನ ಸೀಟಿನಲ್ಲಿ ಮೆಲ್ಲಗೆ ನನಗೆ ಹೇಳಿದರು, "ಗೆದ್ದು ಬಹಳ ವರ್ಷವಾಯ್ತು. ಎರಡನೇ ದಿನ ಹಿಂದುಳಿದವರನ್ನು ಮನೆಗೆ ಕಳಿಸ್ತಾರೆ. ಈ ಸಲವೂ ಕಳಿಸಿದರೆ ನಾನು ಆಟ ಬಿಡ್ತೇನೆ. ಖಲಾಸ್."

ಸಮಾಧಾನ ಹೇಳೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಕಾಕ ಗಕ್ಕನೆ ಬ್ರೇಕ್ ಹಾಕಿದರು. "ಎಂತ ಅಕ್ಕ, ಖಲಾಸ್? ಪೆಟ್ರೋಲಾ? ಬೆಳಿಗ್ಗೆ ಹಾಕಿಸಿದ್ದೇನಲ್ಲಾ!"

ಕೊನೆಯ ಗುಂಡಿ

ಎರಡನೇ ದಿನ. ಮೇಡಂ ಹದಿನೆಂಟನೆಯ, ಅಂದರೆ ಕೊನೆಯ ಗುಂಡಿಗೆ ಬಂದಿದ್ದರು. ಈ ಒಂದು ಹೊಡೆತದಲ್ಲಿ ಚೆಂಡು ಒಳಗೆ ಬಿದ್ದರೆ ಉಳಿದರು, ಇಲ್ಲವಾದರೆ ಮನೆಗೆ. ಆಟ ನೋಡಲೆಂದು ಕಾಕನೂ ಬಂದು ನನ್ನ ಪಕ್ಕ ನಿಂತಿದ್ದರು. ಯಾರೂ ಉಸಿರೆತ್ತಬಾರದು ಎಂದು ಮೊದಲೇ ಹೇಳಿದ್ದೆ.

ಮೇಡಂ ಹೊಡೆದರು. ಚೆಂಡು ಉರುಳುತ್ತಾ ಹೋಗಿ ಸರಿಯಾಗಿ ಗುಂಡಿಯ ಅಂಚಿಗೆ ನಿಂತುಬಿಟ್ಟಿತು. ಮೇಡಂ ಕಣ್ಣು ಮುಚ್ಚಿಕೊಂಡರು.

"ಯಲ್ಲಾ! ಹೋಗಿ ಸಾಯಿ ಮಾರಾಯ್ತಿ!" ಎಂದು ಕಾಕ ಕಿರುಚಿದರು.

ಚೆಂಡು ಟೊಳಕ್ಕೆಂದು ಒಳಗೆ ಬಿತ್ತು.

ತೀರ್ಪುಗಾರರು ಓಡಿ ಬಂದರು. "ಈತ ಯಾರಿಗೆ ಏನು ಹೇಳಿದ?" ನಾನು ಹೇಳಿದೆ, "ಚೆಂಡಿಗೆ ಸರ್. ದಯವಿಟ್ಟು ಒಳಗೆ ಹೋಗಬೇಕು ಎಂದು ವಿನಂತಿಸಿದರು." ಅವರು ಯೋಚಿಸಿದರು. ಹೊಡೆತ ಆದ ಮೇಲೆ ಕೂಗಿದ್ದು, ಚೆಂಡು ತಾನಾಗಿ ಬಿದ್ದದ್ದು. ತಪ್ಪೇನಿಲ್ಲ ಎಂದು ಹೋದರು.

ಮೇಡಂ ಆ ಪಂದ್ಯಾವಳಿ ಗೆಲ್ಲಲಿಲ್ಲ. ಆದರೆ ಆಟ ಬಿಡಲೂ ಇಲ್ಲ. ಇನ್ನೂ ಕೆಲವು ವರ್ಷ ಆಡಿದರು. ಅವತ್ತು ಮಾತ್ರ ಓಡಿ ಬಂದು ಕಾಕನ ಮುಂದೆ ಕೈ ಮುಗಿದು, ಅಳುತ್ತಾ ನಗುತ್ತಾ ನಿಂತರು.

ಕಾಕ ನನ್ನ ಕಡೆ ತಿರುಗಿ ಸಿಟ್ಟಿನಲ್ಲಿ ಹೇಳಿದರು, "ನೋಡಿ ಅಕ್ಕ, ನೀವು ಬಾಯಿ ಮುಚ್ಚಿಸಿದ್ದೇ ತಪ್ಪಾದದ್ದು. ಮೊದಲೇ ಬಿಟ್ಟಿದ್ದರೆ ಹದಿನೆಂಟು ಗುಂಡಿಗೂ ಕೂಗ್ತಿದ್ದೆ, ಪಾಪದ ಹೆಂಗಸು ಕಪ್ ತಗೊಂಡೇ ಹೋಗ್ತಿತ್ತು!"