ಡೀನ್ ಸಾಹೇಬರ ಕಲ್ಲು

ಬಸವನಗುಡಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿವಿಲ್ ಪಾಠ ಮಾಡಿದ ನನಗೆ ನಗುವುದಕ್ಕೆ ನಾಟಕ ನೋಡುವ ಅಗತ್ಯ ಬೀಳಲಿಲ್ಲ. ನಮ್ಮ ಡೀನರೇ ಸಾಕಾಗಿದ್ದರು. ಅವರಿಗೆ ಇದ್ದದ್ದು ಒಂದೇ ಚಿಂತೆ: ನಿವೃತ್ತರಾದ ಮೇಲೂ ಕಾಲೇಜಿನಲ್ಲಿ ತಮ್ಮ ಹೆಸರು ಉಳಿಯಬೇಕು. ಪಾಠ ಉಳಿಯಬೇಕೆಂಬ ಯೋಚನೆ ಮಾತ್ರ ಯಾವತ್ತೂ ಬರಲಿಲ್ಲ.

ಶಂಕುಸ್ಥಾಪನೆ

ತೊಂಬತ್ತರ ದಶಕದ ಮಾತು. ಕಾಲೇಜಿಗೊಂದು ಸಂಶೋಧನಾ ಕೇಂದ್ರ ಬರುತ್ತದೆಂದು ಡೀನರು ಸಾರಿದರು. ನಕ್ಷೆ ಇರಲಿಲ್ಲ, ಹಣವೂ ಮಂಜೂರಾಗಿರಲಿಲ್ಲ. ಶಂಕುಸ್ಥಾಪನೆಯ ಕಲ್ಲು ಮಾತ್ರ ಬಂತು, ಗ್ರಾನೈಟಿನದು, ಬಾಗಿಲಿನಷ್ಟು ದೊಡ್ಡದು. ಕೆತ್ತುವವನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತ ಡೀನರು, "ಆಳವಾಗಿ ಕೆತ್ತಪ್ಪಾ, ನೂರು ವರ್ಷ ಇರ್ಬೇಕು" ಎಂದರು. ಅವರ ಹೆಸರು, ಪದವಿಗಳು ಮುಗಿಯುವಷ್ಟರಲ್ಲಿ ಜಾಗ ಸಾಲದೆ, ಸಂಶೋಧನಾ ಕೇಂದ್ರ ಕೆಳಗಿನ ಮೂಲೆಯಲ್ಲಿ ಮುದುಡಿಕೊಂಡಿತು.

ಪೂಜೆಯಾಯಿತು, ಮಂತ್ರಿಗಳು ಕಾಯಿ ಒಡೆದು ಹೋದರು. ಕಟ್ಟಡ ಯಾವಾಗ ಸಾರ್ ಎಂದು ಕೇಳಿದೆ.

"ಕಲ್ಲು ಬಂತಲ್ರೀ. ಇನ್ನು ಉಳಿದಿರೋದು ಕಟ್ಟೋದಷ್ಟೇ."

ತಪಾಸಣೆ

ಕಾಲೇಜುಗಳ ತಪಾಸಣೆಗೆ ಸಮಿತಿ ಬರುವಾಗ, ಇಲ್ಲದ ಕಂಪ್ಯೂಟರುಗಳನ್ನು ಬೇರೆ ಕಾಲೇಜಿನಿಂದ ಎರವಲು ತಂದು ಜೋಡಿಸುವುದು ಆಗಿನ ಕಾಲದ ಸಂಪ್ರದಾಯ. ಮಲ್ಲೇಶ್ವರದ ಕಾಲೇಜಿನವರು ನಮ್ಮಲ್ಲಿ ಕೇಳಿದಾಗ ಡೀನರು ಧಾರಾಳವಾಗಿ ಒಪ್ಪಿದರು. ಟೆಂಪೋದಲ್ಲಿ ಕಂಪ್ಯೂಟರುಗಳು ಹೋದವು. ಆದರೆ ಪ್ರತಿಯೊಂದು ಮಾನಿಟರಿನ ಹಣೆಗೂ ಡೀನರು ತಮ್ಮ ಹೆಸರಿನ ಚೀಟಿ ಅಂಟಿಸಿದ್ದರೆಂಬುದು ಯಾರಿಗೂ ನೆನಪಾಗಲಿಲ್ಲ.

ಮುಂದೆ ನಡೆದದ್ದನ್ನು ಟೆಂಪೋ ಜತೆ ಹೋಗಿದ್ದ ನಮ್ಮ ಅಟೆಂಡರ್ ಹೇಳಿದ. ಸಮಿತಿಯ ಹಿರಿಯರು ಕನ್ನಡಕ ಏರಿಸಿ ಒಂದೊಂದೇ ಚೀಟಿ ಓದಿ, ಬಸವನಗುಡಿಯ ಡೀನರ ಹೆಸರು ಇಲ್ಲೇಕಿದೆ ಎಂದು ಕೇಳಿದರಂತೆ. ಅಲ್ಲಿನ ಪ್ರಿನ್ಸಿಪಾಲರು ತಡವರಿಸಲಿಲ್ಲವಂತೆ.

"ದೊಡ್ಡೋರು ಸಾರ್. ಅವರ ಹೆಸರು ಹೇಳ್ಕೊಂಡೇ ನಮ್ಮಲ್ಲಿ ಕಂಪ್ಯೂಟರ್ ಆನ್ ಮಾಡೋದು."

ಕಾಫಿ

ಡೀನರು ನಿವೃತ್ತರಾದರು. ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಭಾಷಣದಲ್ಲಿ ಅವರು ಕೇಳಿದ್ದು ಒಂದೇ: ನನ್ನ ಕಲ್ಲನ್ನು ಚೆನ್ನಾಗಿ ನೋಡಿಕೊಳ್ಳಿ. ನನಗೂ ಪಾಪ ಅನಿಸಿತು, ಸ್ವಲ್ಪ ಹೊತ್ತು.

ಕೆಲವು ವರ್ಷ ಬಿಟ್ಟು, ಯಾವುದೋ ಸಮಾರಂಭಕ್ಕೆಂದು ತ್ಯಾಗರಾಜನಗರದ ಮನೆಯಿಂದ ಆಟೋ ಹಿಡಿದು ಬಂದರು. ನೇರ ಕಲ್ಲಿನ ಹತ್ತಿರ ಹೋದರು. ಕಲ್ಲು ಇರಲಿಲ್ಲ. ಅಲ್ಲಿ ವಿದ್ಯಾರ್ಥಿಗಳ ಬೈಕುಗಳು ನಿಂತಿದ್ದವು. ಮುಖ ಬಾಡಿಹೋಯಿತು. ಕಲ್ಲು ಎಲ್ಲಿ ಹೋಯಿತೆಂದು ನನಗೆ ಗೊತ್ತಿತ್ತು, ಹೇಳುವ ಧೈರ್ಯವಿರಲಿಲ್ಲ. ಕಾಫಿ ಕುಡಿಯೋಣ ಬನ್ನಿ ಸಾರ್ ಎಂದುಬಿಟ್ಟೆ. ಅದೇ ತಪ್ಪಾಯಿತು.

ಕ್ಯಾಂಟೀನಿನ ಕೌಂಟರ್ ಮೇಲೆ ಮೊಣಕೈ ಊರಿ, ಅದರ ನುಣುಪನ್ನು ಸವರುತ್ತಾ ಅವರು ನನ್ನ ಮೇಲೆ ರೇಗಿದರು. "ಕಾಫಿ ಕುಡಿಯೋರಿಗೆ ಗ್ರಾನೈಟ್ ಹಾಕ್ಸಕ್ಕಾಗತ್ತೆ ನಿಮಗೆ. ನಂದೊಂದು ಕಲ್ಲು ಉಳಿಸಕ್ಕಾಗಲಿಲ್ಲ."

ಕ್ಯಾಂಟೀನ್ ಭಟ್ಟರು ವಿನಯದಿಂದ ಹೇಳಿದರು: "ತಮ್ಮದೇ ಕಲ್ಲು ಸಾರ್ ಇದು. ಹೆಸರು ಅಡೀಲಿದೆ."

ಡೀನರು ಮಂಡಿನೋವು ಮರೆತು ಕೌಂಟರಿನಡಿ ಬಗ್ಗಿದರು. ಬಹಳ ಹೊತ್ತು ಮೇಲೇಳಲಿಲ್ಲ. ಪದವಿಗಳನ್ನೂ ಓದಿಕೊಂಡರೆಂದು ಕಾಣುತ್ತದೆ. ಎದ್ದಾಗ ಸಿಟ್ಟು ಇಳಿದಿತ್ತು, ಆಸೆ ಇಳಿದಿರಲಿಲ್ಲ.

"ಅಕ್ಷರ ಮೇಲೆ ಬರೋ ಹಾಗೆ ಹಾಕ್ಬಾರ್ದಿತ್ತೇನ್ರೀ?"

"ಹಾಕಿ ನೋಡ್ದೆ ಸಾರ್," ಎಂದರು ಭಟ್ಟರು, ಕಾಫಿ ಮುಂದಿಡುತ್ತಾ. "ತಮ್ಮ ಹೆಸರಿನ ಮೇಲೆ ಲೋಟ ನಿಲ್ಲಲ್ಲ."