ನಡುಗುವ ಗೆರೆಯ ಫಜೀತಿ

ಮುಂಬೈಯಲ್ಲಿ ಕೈಯಿಂದ ಚಿತ್ರ ಬರೆದು ಸಿನಿಮಾ ಮಾಡುತ್ತೇನೆ ಎಂದು ಬಾಯಿಬಿಟ್ಟ ದಿನದಿಂದ ನನಗೆ ನೆಮ್ಮದಿಯಿಲ್ಲ. ಫಜೀತಿಗಳು ವಿಳಾಸ ಕೇಳಿಕೊಂಡು ಬರುತ್ತವೆ. ಅದರಲ್ಲೂ ನಮ್ಮ ಈಗಿನ ಚಿತ್ರದ ಶೈಲಿಯೇ ವಿಚಿತ್ರ. ಒಂದೇ ಮುಖವನ್ನು ಮತ್ತೆ ಮತ್ತೆ ಬರೆಯುತ್ತೇವೆ, ಪ್ರತಿಸಲ ಗೆರೆ ಕೂದಲೆಳೆಯಷ್ಟು ಆಚೀಚೆ ಬೀಳುತ್ತದೆ. ಪರದೆಯ ಮೇಲೆ ಓಡಿಸಿದರೆ ಇಡೀ ಮನುಷ್ಯ ಸಣ್ಣಗೆ ನಡುಗುತ್ತಾನೆ. ಜೀವ ಇರುವುದೆಲ್ಲ ನಡುಗಬೇಕು, ಜೀವ ಹೋದಾಗ ಮಾತ್ರ ಗೆರೆ ನಿಲ್ಲಬೇಕು ಎಂಬುದು ನಮ್ಮ ನಿರ್ದೇಶಕರ ಹಟ. ಆ ನಡುಕಕ್ಕಾಗಿ ನಾನು ಕಣ್ಣು, ಕತ್ತು, ಭಾನುವಾರ ಎಲ್ಲ ಕೊಟ್ಟಿದ್ದೇನೆ. ಈಗ ಅದನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸವಾಗಿದೆ.

ಲೈನ್

ಮುಲುಂಡಿನ ನಮ್ಮ ಮನೆಯಲ್ಲಿ ಅಮ್ಮ ನನಗೆ ಗಂಡು ಹುಡುಕುತ್ತಿದ್ದರು. ಒಬ್ಬ ಹುಡುಗನ ತಾಯಿ ಫೋನಿನಲ್ಲಿ, "ಹುಡುಗಿಗೆ ಎಂಥ ಕೆಲಸ?" ಎಂದು ಕೇಳಿದರು. ಗೆರೆ ಎಂದರೆ ಅಮ್ಮನಿಗೆ ಶಾಲೆಯ ಪುಸ್ತಕದ ಮಾರ್ಜಿನ್ ಮಾತ್ರ ಗೊತ್ತು.

"ಬಾಂದ್ರಾದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಲೈನ್ ಹೊಡೀತಾಳೆ."

"ಹ್ಞಾಂ?"

"ಹೌದು. ಇವಳ ಹಾಗೆ ಲೈನ್ ಹೊಡೆಯುವವರು ಇಡೀ ಆಫೀಸಿನಲ್ಲೇ ಇಲ್ಲವಂತೆ. ಸಂಬಳ ಸಹ ಕೊಡ್ತಾರೆ."

ಫೋನ್ ಕಟ್ಟಾಯಿತು. ನೆಟ್‌ವರ್ಕ್ ಸರಿ ಇರಲಿಲ್ಲ ಎಂದೇ ಅಮ್ಮ ಇವತ್ತಿಗೂ ನಂಬಿದ್ದಾರೆ.

ಚಹಾ ಬಂದ್

ಬಾಂದ್ರಾದ ನಮ್ಮ ಸ್ಟುಡಿಯೋದ ಕೆಳಗೆ ಉಡುಪಿ ಕಡೆಯವರ ಹೋಟೆಲು. ಒಂದು ದಿನ ಹೋಟೆಲಿನ ಯಜಮಾನರೇ ಚಹಾ ಹಿಡಿದು ಮೇಲೆ ಬಂದರು. ಪರದೆಯ ಮೇಲೆ ನಮ್ಮ ಚಿತ್ರದ ಅಜ್ಜಿ ಓಡಾಡುತ್ತಿದ್ದಳು.

"ಎಂಥ ಮಾರಾಯ್ತಿ, ಈ ಅಜ್ಜಿಗೆ ಚಳಿಜ್ವರವಾ?"

"ಇಲ್ಲ ಅಣ್ಣ, ಅದು ಸ್ಟೈಲು."

"ಪಕ್ಕದ ಮರ ಸಹ ನಡುಗ್ತಾ ಉಂಟಲ್ಲ!"

"ಅದೂ ಸ್ಟೈಲು."

ಅವರು ನನ್ನ ಕೈಯನ್ನು ಅಯ್ಯೋ ಪಾಪ ಎನ್ನುವಂತೆ ನೋಡಿ ಇಳಿದು ಹೋದರು. ಮರುದಿನದಿಂದ ಚಹಾ ಬಂದ್. ಕೇಳಿದ್ದಕ್ಕೆ, "ಅಷ್ಟು ಚಹಾ ಕುಡಿದರೆ ಕೈ ನಡುಗದೆ ಇರ್ತದಾ? ಗಂಜಿ ಕಳಿಸ್ತೇನೆ, ಕುಡಿಯಿರಿ" ಎಂದರು. ಇಡೀ ಸ್ಟುಡಿಯೋ ನನಗೆ ಶಾಪ ಹಾಕುತ್ತಾ ಗಂಜಿ ಕುಡಿಯಿತು.

ಇಸ್ತ್ರಿ

ನಿರ್ಮಾಪಕರದ್ದು ಬೇರೆಯೇ ರಾಗ. "ಅರೆ ಮೇಡಂ, ಇಷ್ಟು ಜನ ಇದ್ದೀರಿ, ಒಬ್ಬರಿಗೂ ನೆಟ್ಟಗೆ ಗೆರೆ ಎಳೆಯಲು ಬರಲ್ಲವಾ?" ಎಂದು ರೇಗಿ, ನಮಗೆ ಹೇಳದೆ ಕೇಳದೆ ಒಂದು ದೃಶ್ಯವನ್ನು ಪವಾಯಿಯ ಕಂಪ್ಯೂಟರ್ ಜನರಿಗೆ ಕೊಟ್ಟುಬಿಟ್ಟರು. ಅವರು ಗೆರೆಗಳಿಗೆಲ್ಲ ಇಸ್ತ್ರಿ ಹಾಕಿ ಕಳಿಸಿದರು. ಅಜ್ಜಿ ಹೊಸ ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಹೊಳೆಯುತ್ತಿದ್ದಳು. ನಿರ್ಮಾಪಕರ ಮುಖ ಬಾಡಿತು.

"ಇದು ಕಂಪ್ಯೂಟರಲ್ಲಿ ಮಾಡಿದ ಹಾಗಿದೆಯಲ್ಲ! ಕೈಯಿಂದ ಬರೆದದ್ದು ಅಂತ ಊರಿಗೆಲ್ಲ ಹೇಳಿದ್ದೇನೆ."

ನನಗೆ ಜೀವ ಬಂತು. "ಹಾಗಾದರೆ ಹಳೆಯದನ್ನೇ ಇಡೋಣವಾ ಸರ್?"

"ಬೇಡ. ಇದನ್ನೇ ಕಂಪ್ಯೂಟರಲ್ಲಿ ಸ್ವಲ್ಪ ನಡುಗಿಸಿ."

ಅಜ್ಜಿಯ ಸಾವು

ನಿರ್ದೇಶಕರು ರಾಜೀನಾಮೆ ಕೊಡುತ್ತೇನೆ ಎಂದು ಎದ್ದು ನಿಂತ ಮೇಲೆ ಒಂದು ಒಪ್ಪಂದವಾಯಿತು. ಪರಿಚಯದವರನ್ನು ಕರೆದು ನಾವು ಬರೆದ ಚಿತ್ರವನ್ನೇ ತೋರಿಸುವುದು. ಅವರಿಗೆ ಹಿಡಿಸಿದರೆ ನಡುಕ ಉಳಿಯುತ್ತದೆ, ಇಲ್ಲದಿದ್ದರೆ ಇಡೀ ಚಿತ್ರ ಪವಾಯಿಗೆ ಹೋಗುತ್ತದೆ.

ಹೋಟೆಲ್ ಯಜಮಾನರು ಮುಂದಿನ ಸಾಲಿನಲ್ಲೇ ಕೂತಿದ್ದರು. ಅಜ್ಜಿ ಸಾಯುವ ದೃಶ್ಯ ಬಂತು. ನಾನೇ ಬರೆದದ್ದು. ಅವಳ ಕೆನ್ನೆಯ ನಡುಕ ಕಡಿಮೆಯಾಯಿತು, ಬೆರಳಿನದು ಕಡಿಮೆಯಾಯಿತು, ಕೊನೆಗೆ ಗೆರೆ ನಿಂತೇಬಿಟ್ಟಿತು. ಜನ ಕರವಸ್ತ್ರ ತೆಗೆದರು. ಹಿಂದೆ ಯಾರೋ ಬಿಕ್ಕಿದರು. ನಾನು ಪಟ್ಟ ಪಾಡು ಸಾರ್ಥಕವಾಯಿತು ಅಂದುಕೊಂಡೆ.

ಯಜಮಾನರು ಎದ್ದು ನಿಂತು ನನ್ನತ್ತ ತಿರುಗಿದರು.

"ಹಾಂ! ಈಗ ಸರಿಯಾಯ್ತು ನೋಡು ಮಾರಾಯ್ತಿ! ಗಂಜಿ ಕುಡಿದದ್ದಕ್ಕೆ ಕೈ ನಡುಕ ನಿಂತಿತು!"

ಅಳುತ್ತಿದ್ದವರೆಲ್ಲ ಕಣ್ಣೊರೆಸಿಕೊಳ್ಳುತ್ತಲೇ ಬಿದ್ದು ಬಿದ್ದು ನಕ್ಕರು. ಇನ್ನೇನು, ಪವಾಯಿಯೇ ಗತಿ ಎಂದು ಮುಖ ಮುಚ್ಚಿಕೊಂಡೆ. ನಿರ್ಮಾಪಕರು ಓಡಿಬಂದರು.

"ಮೇಡಂ, ಜನ ಅತ್ತರು, ನಕ್ಕರು! ನಡುಕ ಹಾಗೇ ಇರಲಿ. ಒಂದು ಗೆರೆಯನ್ನೂ ಮುಟ್ಟಬೇಡಿ."

ನಾನು ಉಸಿರು ಬಿಡುವಷ್ಟರಲ್ಲಿ ಅವರು ಹತ್ತಿರ ಬಗ್ಗಿದರು.

"ಒಂದೇ ಬದಲಾವಣೆ. ಅಜ್ಜಿ ಇಂಟರ್ವಲ್‌ಗೆ ಮುಂಚೆ ಇನ್ನೊಂದ್ಸಲ ಸಾಯಲಿ."